ರೊಟ್ಟಿಗಂಟಿನ ಜೊತೆ ವಿಮಾನದಲ್ಲಿ

ನಮ್ಮ ಮನೆಯಲ್ಲಿ ಪಡಸಾಲೆ ಅಪ್ಪನದು, ದೇವರಕೋಣೆ ಆಯಿಯದು, ಅಡುಗೆಮನೆ ಅವ್ವನದು. ಹೀಗೆಂದು ಯಾರೂ ಪಾಲು ಮಾಡಿಕೊಟ್ಟಿರಲಿಲ್ಲ. ನಾನು ಕಣ್ಣುಬಿಡುವ ಹೊತ್ತಿಗೆ ಅದು ಹಾಗೇ ಇತ್ತು. ಅಫಜಲಪುರದ ಹಳೆ ಪೇಟೆಯಲ್ಲಿ ದಪ್ಪ ಗೋಡೆಯ, ಮಣ್ಣಿನ ಮಾಳಿಗೆಯ ಮನೆ. ನೆಲಕ್ಕೆಲ್ಲ ಶಹಾಬಾದಿ ಪರಸಿಕಲ್ಲು. ಬೇಸಿಗೆಯಲ್ಲೂ ಒಳಗೆ ತಂಪಾಗಿರುತ್ತಿತ್ತು, ಅಡುಗೆಮನೆಯೊಂದನ್ನು ಬಿಟ್ಟು. ಅಲ್ಲಿ ಮೇಲೊಂದು ಬೆಳಕಿಂಡಿ, ಕೆಳಗೆ ಎರಡು ಒಲೆ, ನಡುವೆ ಹೊಗೆ. ಅಪ್ಪನದು ಪಂಪ್‌ಸೆಟ್ಟು, ಪೈಪುಗಳ ಅಂಗಡಿ. ಭೀಮೆಯ ದಂಡೆಯ ಹಳ್ಳಿಗಳಿಂದ ಪಂಪು ಒಯ್ಯಲು ಬಂದ ರೈತರು ನಮ್ಮ ಪಡಸಾಲೆಯಲ್ಲಿ ಉಂಡೇ ಹೋಗಬೇಕು. ಅದು ಅಪ್ಪ ವ್ಯಾಪಾರ ಮಾಡುವ ರೀತಿ. “ಊಟಕ್ಕ ಮೂರು ಮಂದಿ ಅದಾರ” ಎಂದು ಅವನು ಒಳಗೆ ತಿರುಗಿಯೂ ನೋಡದೆ ಹೇಳುತ್ತಿದ್ದ. ಒಳಗೆ ರೊಟ್ಟಿ ಬಡಿಯುವ ಸಪ್ಪಳ ಮತ್ತೆ ಶುರುವಾಗುತ್ತಿತ್ತು.

ಆಯಿ ಎಂದರೆ ಅಪ್ಪನ ತಾಯಿ. ಕೊರಳಲ್ಲಿ ಲಿಂಗ, ಹಣೆಯ ತುಂಬ ವಿಭೂತಿ, ಸೊಂಟದಲ್ಲಿ ಕೀಲಿಗೊಂಚಲು. ಅವ್ವ ಸೊಸೆಯಾಗಿ ಬಂದ ವರ್ಷವೇ ಒಲೆಯ ಮುಂದಿನಿಂದ ಎದ್ದ ಆಯಿ ಮತ್ತೆ ಅಲ್ಲಿ ಕೂತಿರಲಿಲ್ಲ. ಪೂಜೆ, ನಂತರ ಊಟ, ನಂತರ ಕಟ್ಟೆಯ ಮೇಲೆ ಬತ್ತಿ ಹೊಸೆಯುವುದು. ಹೊರಗಿನ ಅಡುಗೆ ಮುಟ್ಟುತ್ತಿರಲಿಲ್ಲ. ಅವ್ವನ ತವರು ಆಳಂದ ತಾಲ್ಲೂಕಿನ ಖಜೂರಿ. ಅಲ್ಲಿಗೆ ಹೋಗಿಬಂದಾಗ ಎರಡು ದಿನ ಅವಳ ಮಾತಿನಲ್ಲಿ ಮರಾಠಿ ಬೆರೆತಿರುತ್ತಿತ್ತು, ಆಮೇಲೆ ಅದೂ ಹೋಗುತ್ತಿತ್ತು. ಮಧ್ಯಾಹ್ನ ಮೆಣಸಿನಕಾಯಿ ಒಣಹಾಕಲು ಮಾಳಿಗೆ ಹತ್ತಿದಾಗ ಎಂದಾದರೂ ಬಹಳ ಎತ್ತರದಲ್ಲಿ ವಿಮಾನ ಹೋಗುವುದು ಕಂಡರೆ ಅವ್ವ ಮೊರ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ, ಅದು ಕಾಣದಾಗುವವರೆಗೆ ನೋಡುತ್ತಿದ್ದಳು. ಅವಳು ಕೆಲಸವಿಲ್ಲದೆ ನಿಂತದ್ದನ್ನು ನಾನು ನೋಡಿದ್ದು ಆವಾಗಷ್ಟೇ.

ನನಗೆ ಹನ್ನೊಂದು ವರ್ಷವಿದ್ದಾಗ ಅಪ್ಪ ಇಡೀ ಜಿಲ್ಲೆಯಲ್ಲಿ ಹೆಚ್ಚು ಪಂಪು ಮಾರಿದನೆಂದು ಕಂಪನಿಯವರು ಒಂದು ಬಹುಮಾನ ಕೊಟ್ಟರು. ಹೈದರಾಬಾದಿನಿಂದ ಬೆಂಗಳೂರಿಗೆ ನಾಲ್ಕು ವಿಮಾನದ ಟಿಕೆಟ್ಟು, ಅಲ್ಲಿಂದ ಮೈಸೂರು, ಊಟಿ ತಿರುಗಲು ಡ್ರೈವರ್ ಸಮೇತ ಬಾಡಿಗೆ ಕಾರು, ಇಳಿದುಕೊಳ್ಳಲು ಗೆಸ್ಟ್‌ಹೌಸು. ಹೋಗುವಾಗಷ್ಟೇ ವಿಮಾನ, ಬರುವಾಗ ರೈಲು. ಅಪ್ಪ ಆ ಕಾಗದವನ್ನು ಪಡಸಾಲೆಗೆ ಬಂದವರಿಗೆಲ್ಲ ಓದಿ ತೋರಿಸಿದ. ಆಯಿ ಮಾತ್ರ ಒಪ್ಪಲಿಲ್ಲ.

“ಕಂಡವರ ಕೈಯಾಗಿನ ಅನ್ನ ತಿನ್ನಾಕ ನಾ ಅಷ್ಟು ದೂರ ಬರಂಗಿಲ್ಲ. ನೀವಽ ಹೋಗ್ರಿ.”

“ಗೆಸ್ಟ್‌ಹೌಸಿನ್ಯಾಗ ಅಡಿಗಿಮನಿ ಅದ ಯವ್ವಾ. ನಿನಗ ನೀಲಮ್ಮನ ಮಾಡಿ ಹಾಕ್ತಾಳ. ದಾರಿಗೆ ರೊಟ್ಟಿ ಕಟ್ಕೊಂಡು ಹೋದ್ರಾತು” ಎಂದ ಅಪ್ಪ.

ನೀಲಮ್ಮ ಎಂದರೆ ಅವ್ವ. ಅವಳನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ಅವಳು ಬೇರೆ ಏನನ್ನೂ ಹೇಳುತ್ತಿರಲಿಲ್ಲವೇನೋ. ಅಂದು ಸಂಜೆ ಹಿಟ್ಟು ನಾದುತ್ತ ಅವಳು ಕೇಳಿದ್ದು ಒಂದೇ ಮಾತು: “ಮ್ಯಾಲಿಂದ ಹೊಲಾ ಕಾಣ್ತಾವೇನ್ರಿ?” ಅಪ್ಪ ಕಾಣುತ್ತವೆ ಎಂದ. ಅವನಿಗೂ ಗೊತ್ತಿರಲಿಲ್ಲ.

ಹೊರಡುವ ಮೊದಲಿನ ಮೂರು ದಿನ ನಮ್ಮ ಅಡುಗೆಮನೆಯ ಒಲೆ ಆರಲಿಲ್ಲ. ಮೇ ತಿಂಗಳು. ಎಂಬತ್ತು ಖಡಕ್ ರೊಟ್ಟಿ, ಸಜ್ಜೆಯದು ಬೇರೆ, ಶೇಂಗಾ ಹಿಂಡಿ, ಕಾರೆಳ್ಳು ಹಿಂಡಿ ಎಂಬ ಚಟ್ನಿಪುಡಿಗಳು, ಆಯಿಗೆ ಹಲ್ಲಿಗೆ ಮೆತ್ತಗಿರಲೆಂದು ಶೇಂಗಾ ಹೋಳಿಗೆ. ನಾವಿಲ್ಲದಾಗ ಮನೆ, ಅಂಗಡಿ ನೋಡಿಕೊಳ್ಳಲು ಜೇವರ್ಗಿಯಿಂದ ಅಪ್ಪನ ತಮ್ಮ ಕಾಕಾ, ಅವನ ಹೆಂಡತಿ ಕಾಕು ಎರಡು ದಿನ ಮೊದಲೇ ಬಂದರು. ಕಾಕು ಬಾಣಂತಿತನ ಮುಗಿಸಿ ಆಗಷ್ಟೇ ಎದ್ದವಳು. ಅವಳಿಗೆ ಬೇರೆ ಪಥ್ಯದ ಅಡುಗೆ, ಕೂಸಿಗೆ ಎಣ್ಣೆ ನೀರು. ನಾನು ರೊಟ್ಟಿಗಳನ್ನು ಬಿದಿರಿನ ಬುಟ್ಟಿಯಲ್ಲಿ ಜೋಡಿಸುತ್ತಿದ್ದೆ. ಅವ್ವ ಒಂದು ಕೈಯಿಂದ ರೊಟ್ಟಿ ಬಡಿಯುತ್ತ, ಇನ್ನೊಂದರಿಂದ ತನ್ನ ಭುಜ ಒತ್ತಿಕೊಳ್ಳುತ್ತಿದ್ದಳು. ಎರಡನೆಯ ದಿನ ಹೆಂಚಿನ ಮೇಲಿನ ರೊಟ್ಟಿಗೆ ನೀರು ಸವರುವಾಗಲೇ ಕಣ್ಣು ಮುಚ್ಚಿ, ಬೆರಳು ಸುಟ್ಟುಕೊಂಡಳು. ಬೆರಳನ್ನು ಹಿಟ್ಟಿನ ನೀರಿನಲ್ಲಿ ಅದ್ದಿ ಮತ್ತೆ ಬಡಿಯತೊಡಗಿದಳು.

“ಸುನಂದಾ,” ಎಂದಳು, “ವಿಮಾನದಾಗ ನನಗ ಜೊಂಪು ಹತ್ತಿತಂದ್ರ ಎಬ್ಬಸು. ಮರೀಬ್ಯಾಡ.”

ನಾನು ಹೂಂ ಅಂದೆ.

ಗುಲಬರ್ಗಾಕ್ಕೆ ಬಸ್ಸಿನಲ್ಲಿ, ಅಲ್ಲಿಂದ ಹೈದರಾಬಾದಿಗೆ ರೈಲಿನಲ್ಲಿ ಹೋಗಿ, ಪರಿಚಯದವರೊಬ್ಬರ ಮನೆಯಲ್ಲಿ ಮಲಗಿ, ಮರುದಿನ ಬೆಳಿಗ್ಗೆ ವಿಮಾನ ನಿಲ್ದಾಣಕ್ಕೆ ಬಂದೆವು. ಅಪ್ಪ ಹೇಳುತ್ತಿದ್ದ ಟೂರು ಶುರುವಾದದ್ದು ಅಲ್ಲಿಂದ. ಅವ್ವ ಅಂದು ಸಹ ಎಲ್ಲರಿಗಿಂತ ಮೊದಲೆದ್ದು, ಪರರ ಮನೆಯಲ್ಲಿ ಆಯಿಯ ಸ್ನಾನಕ್ಕೆ ನೀರು ಕಾಯಿಸಿ, ಪೂಜೆಗೆ ಜಾಗ ಸಾರಿಸಿ, ಆ ಮನೆಯವರ ಪಾತ್ರೆಗಳನ್ನೂ ತೊಳೆದಿಟ್ಟು ಬಂದಿದ್ದಳು. ನಿಲ್ದಾಣದಲ್ಲಿ ರೊಟ್ಟಿಯ ಗಂಟನ್ನು ನೋಡಿ ಪೊಲೀಸಿನವನು ಬಿಚ್ಚಿಸಿದ. ಧೋತರದಲ್ಲಿ ಸುತ್ತಿದ ರೊಟ್ಟಿಗಳನ್ನು ಒಂದೊಂದಾಗಿ ಎತ್ತಿ ನೋಡಿ, ಅಪ್ಪನಿಗೆ ಉರ್ದುವಿನಲ್ಲಿ ಏನೋ ಕೇಳಿ ನಕ್ಕ. ಅಪ್ಪನೂ ನಕ್ಕ, ಆದರೆ ಅವನ ಕಿವಿಗಳು ಕೆಂಪಾಗಿದ್ದವು. ಅವ್ವ ನೆಲದ ಮೇಲೆ ಕೂತು ಮತ್ತೆ ಗಂಟು ಕಟ್ಟಿದಳು. ವಿಮಾನ ಎರಡು ತಾಸು ತಡವೆಂದರು. ಅಪ್ಪ, ಆಯಿ ಕುರ್ಚಿಯಲ್ಲೇ ತೂಕಡಿಸಿದರು. ಅವ್ವ ಮಾತ್ರ ಸಾಮಾನು ಕಾಯುತ್ತ ನೆಟ್ಟಗೆ ಕೂತಿದ್ದಳು. ಕಣ್ಣು ಮುಚ್ಚಿದಾಗಲೆಲ್ಲ ತನ್ನ ತೊಡೆ ತಾನೇ ಚಿವುಟಿಕೊಳ್ಳುತ್ತಿದ್ದಳು.

ಒಳಗೆ ಹೋದಾಗ ಕಿಟಕಿಯ ಪಕ್ಕದ ಸೀಟು ಅವ್ವನಿಗೆ ಬಂತು. ನಡುವೆ ನಾನು, ಈಚೆ ಆಯಿ. ಅಪ್ಪ ಸೀಟುಗಳ ನಡುವಿನ ಓಣಿಯ ಆ ಕಡೆ. ಕಿಟಕಿ ಬೇಕೆಂದು ನಾನು ಹಟ ಹಿಡಿದೆ. “ಮ್ಯಾಲ ಹೋಗೂತನ ನಾ ನೋಡ್ತೇನಿ, ಆಮ್ಯಾಗ ನೀ ಬಾ” ಎಂದಳು ಅವ್ವ. ಅವಳು ನನಗೆ ಇಲ್ಲವೆಂದದ್ದು ಅದೇ ಮೊದಲು. ನನಗೆ ಸಿಟ್ಟು ಬಂತು. ಗಗನಸಖಿ ಪೆಪ್ಪರಮೆಂಟು, ಕಿವಿಗೆ ಹತ್ತಿ ಹಂಚಿದಳು. ಆಯಿ ಹತ್ತಿಯನ್ನು ಕಿವಿಗಿಟ್ಟು, ಪೆಪ್ಪರಮೆಂಟನ್ನು ಸೆರಗಿನ ತುದಿಗೆ ಕಟ್ಟಿ, ಕಣ್ಣು ಮುಚ್ಚಿ ಮಂತ್ರ ಹೇಳತೊಡಗಿದಳು. ವಿಮಾನ ನಿಂತಲ್ಲೇ ನಿಂತಿತ್ತು. ಒಳಗೆ ತಣ್ಣನೆಯ ಗಾಳಿ ಬರುತ್ತಿತ್ತು. ಮೂರು ದಿನ ಒಲೆಯ ಮುಂದೆ ಕೂತವಳಿಗೆ ಆ ಗಾಳಿ ಮುಖಕ್ಕೆ ತಾಗಿದ್ದೇ ತಡ, ಅವ್ವನ ತಲೆ ಕಿಟಕಿಯ ಅಂಚಿಗೆ ವಾಲಿತು. ಬಾಯಿ ಸ್ವಲ್ಪ ತೆರೆದಿತ್ತು.

ವಿಮಾನ ಓಡತೊಡಗಿದಾಗ ನನಗೆ ಅವಳ ಮಾತು ನೆನಪಿತ್ತು. ಮರೆತಿದ್ದೆ ಎಂದು ಬಹಳ ಜನರಿಗೆ ಹೇಳಿದ್ದೇನೆ, ಅದು ಸುಳ್ಳು. ಕಿಟಕಿ ಸಣ್ಣದು. ಅವ್ವ ಎದ್ದರೆ ಅವಳ ತಲೆಯೇ ಅದನ್ನು ತುಂಬುತ್ತಿತ್ತು. ಅವಳು ಹೀಗೇ ವಾಲಿಕೊಂಡಿದ್ದರೆ ನಾನು ಅವಳ ಮಡಿಲ ಮೇಲೆ ಬಾಗಿ ಉಳಿದರ್ಧದಲ್ಲಿ ನೋಡಬಹುದಿತ್ತು. ಹಾಗೇ ಬಾಗಿ ನೋಡಿದೆ. ನೆಲ ಕೆಳಗೆ ಸರಿಯಿತು, ಮನೆಗಳು ಬೆಂಕಿಪೆಟ್ಟಿಗೆಗಳಾದವು, ಕೆರೆಗಳು ಕನ್ನಡಿಯ ಚೂರುಗಳಾದವು. ಆಮೇಲೆ ಮೋಡಗಳ ಮೇಲೆ ಬಂದೆವು. ಮಲಗಿದವಳನ್ನು ಎಬ್ಬಿಸುವುದು ಪಾಪ ಎಂದು ನನಗೆ ನಾನೇ ಹೇಳಿಕೊಂಡೆ. ಒಮ್ಮೆ ಆಯಿಯ ಕಡೆ ನೋಡಿದೆ. ಅವಳ ಕಣ್ಣು ಮುಚ್ಚಿಯೇ ಇತ್ತು. ಗಾಲಿಗಳು ನೆಲಕ್ಕೆ ಬಡಿದ ಸದ್ದಿಗೆ ಅವ್ವ ಎಚ್ಚರಾದಳು.

“ಯಾವಾಗ ಏರ್ತದ?” ಎಂದು ಕೇಳಿದಳು.

“ಬಂದ್ವಿ ಅವ್ವಾ. ಬೆಂಗಳೂರು” ಎಂದೆ.

ಅವಳು ಕಿಟಕಿಯಿಂದ ಹೊರಗೆ ನೋಡಿದಳು. ಒಣಗಿದ ಹುಲ್ಲು, ದೂರದಲ್ಲೊಂದು ಲಾರಿ. ಸೆರಗಿನಿಂದ ಬಾಯಿ ಒರೆಸಿಕೊಂಡು, ಗಂಟು ಎಲ್ಲಿದೆಯೆಂದು ಅಪ್ಪನನ್ನು ಕೇಳಿದಳು. ಅವಳ ಆಯುಷ್ಯದಲ್ಲಿ ಮತ್ತೆ ವಿಮಾನ ಹತ್ತುವ ಪ್ರಸಂಗ ಬರಲಿಲ್ಲ.

ಬಾಡಿಗೆ ಕಾರು ಬಿಳಿಯ ಅಂಬಾಸಿಡರ್. ಡ್ರೈವರ್ ನಂಜುಂಡಿ ಮೈಸೂರು ಕಡೆಯವನು, ಒಳ್ಳೆಯ ಮನುಷ್ಯ, ಬಾಯಿ ಮುಚ್ಚದೆ ಮಾತಾಡುವವನು. “ಬನ್ನಿ ಅಜ್ಜಿ, ನಿಧಾನವಾಗಿ ಕೂತ್ಕೊಳಿ. ತಿಂಡಿ ಆಯ್ತಾ?” ಎಂದ. ಅವನ ಕನ್ನಡ ಆಯಿಗೆ ಹತ್ತಲಿಲ್ಲ. “ಏನಂತಾನ ಇಂವಾ?” ಎಂದು ಅಪ್ಪನನ್ನು ಕೇಳಿದಳು. ಆಯಿಯ ಮಾತು ಅವನಿಗೂ ತಿಳಿಯಲಿಲ್ಲ. ಅವನು ನಮ್ಮನ್ನು ಮಹಾರಾಷ್ಟ್ರದವರೆಂದುಕೊಂಡು ಹಿಂದಿಯಲ್ಲಿ ಶುರುಮಾಡಿದ. ರಾಮನಗರದ ಹತ್ತಿರ ಮರದ ಕೆಳಗೆ ಕಾರು ನಿಲ್ಲಿಸಿ ರೊಟ್ಟಿ ಬಿಚ್ಚಿದೆವು. ಅರ್ಧಕ್ಕರ್ಧ ಮುರಿದು ಚೂರಾಗಿದ್ದವು. ಅವ್ವ ಇಡಿಯಾಗಿದ್ದವನ್ನು ಆರಿಸಿ ನಮಗೆ ಕೊಟ್ಟು, ಡ್ರೈವರನಿಗೂ ಎರಡು ಕೊಟ್ಟು, ತಾನು ಚೂರುಗಳನ್ನು ಹಿಂಡಿಯಲ್ಲಿ ಕಲಸಿಕೊಂಡು ತಿಂದಳು. ಕಾರು ಮತ್ತೆ ಹೊರಟ ಮೇಲೆ ಡೀಸೆಲ್ ವಾಸನೆಗೆ ನನಗೆ ಹೊಟ್ಟೆ ತೊಳೆಸಿ, ಅವ್ವನ ಹೊಸ ಇಳಕಲ್ ಸೀರೆಯ ಮೇಲೆಯೇ ಎಲ್ಲ ಕಕ್ಕಿದೆ. ರಸ್ತೆಯ ಬದಿಯ ನಲ್ಲಿಯಲ್ಲಿ ಅವ್ವ ಮೊದಲು ನನ್ನ ಬಾಯಿ ತೊಳೆಸಿದಳು, ನನ್ನ ಲಂಗ ಬದಲಿಸಿದಳು, ಸೀಟು ಒರೆಸಿದಳು, ಕೊನೆಗೆ ತನ್ನ ಸೀರೆಯ ನೆರಿಗೆಗಳನ್ನು ಹಿಂಡಿಕೊಂಡಳು. ಒದ್ದೆ ಸೀರೆಯಲ್ಲೇ ಮೈಸೂರು ಮುಟ್ಟಿದಳು.

ಗೆಸ್ಟ್‌ಹೌಸು ಚೊಕ್ಕಟವಾಗಿತ್ತು. ಎರಡು ಕೋಣೆ, ಹಿಂದೆ ನಲ್ಲಿ, ಪಕ್ಕದಲ್ಲಿ ಅಡುಗೆಮನೆ. ಆಯಿಯ ಸಂಜೆಯ ಪೂಜೆಗೆ ಅವ್ವ ನೀರು ಇಟ್ಟುಕೊಟ್ಟು, ಹಾಸಿಗೆಯ ಮೇಲಿನ ಚಾದರು ಬಿಚ್ಚಿ ಮನೆಯದನ್ನು ಹಾಸಿ, ಮಂಚದ ಅಂಚಿಗೆ ಕೂತಳು. ಅಪ್ಪ ಅಡುಗೆಮನೆಯ ಬಾಗಿಲು ತೆಗೆದು ಖುಷಿಯಿಂದ ಹೊರಬಂದ.

“ಎರಡು ಸ್ಟೋವ್ ಇಟ್ಟಾರ ನೋಡು. ಅಕ್ಕಿ, ಬ್ಯಾಳಿ, ಎಣ್ಣಿ ಎಲ್ಲಾ ತಂದಿಟ್ಟಾರ. ಮುಂಜಾನಿಂದ ಒಣಾ ರೊಟ್ಟಿ ತಿಂದು ಗಂಟಲ ಹಿಡದದ. ಜರಾ ಬಿಸಿ ಅನ್ನ, ಬ್ಯಾಳಿ ಮಾಡು.”

“ಇವತ್ತ ನನ್ನ ಕಡಿಂದ ಆಗಂಗಿಲ್ರಿ” ಎಂದಳು ಅವ್ವ.

ಅಪ್ಪನಿಗೆ ಕೇಳಿಸಿತು, ಆದರೆ ಅರ್ಥವಾದಂತೆ ಕಾಣಲಿಲ್ಲ. “ಏನಂದಿ?”

“ಕೈ ಎತ್ತಾಕ ಬರವಲ್ದು. ಇವತ್ತೊಂದಿನ ಬಿಡ್ರಿ.”

“ವಿಮಾನದಾಗ ಮಲ್ಕೊಂಡು ಬಂದಿ, ಕಾರಿನ್ಯಾಗ ಕೂತು ಬಂದಿ. ಕೆಲಸರೆ ಏನಿತ್ತು ನಿನಗ ಇವತ್ತ?”

ಅವನು ಜೋರಾಗಿ ಹೇಳಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳಿದ. ಅವ್ವ ಸ್ವಲ್ಪ ಹೊತ್ತು ಯೋಚಿಸಿದಳು, ಲೆಕ್ಕ ತಪ್ಪಿದ ಮಗುವಿನ ಹಾಗೆ.

“ಏನೂ ಇರಲಿಲ್ರಿ” ಎಂದಳು. ಆಮೇಲೆ, ನನ್ನ ಕಡೆ ನೋಡದೆ, “ಎಬ್ಬಸು ಅಂತ ಹೇಳಿದ್ದೆ” ಎಂದಳು.

ಅಷ್ಟೇ ಹೇಳಿ, ತೇವವಿನ್ನೂ ಆರದ ಸೀರೆಯಲ್ಲೇ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ದೀಪ ಹಚ್ಚುವ ಹೊತ್ತಿನಲ್ಲಿ ಅವ್ವ ಮಲಗಿದ್ದು ನಮ್ಮ ಕಣ್ಣಿಗೆ ಹೊಸದು. ಅಪ್ಪ ಏನೋ ಹೇಳಲು ಬಾಯಿ ತೆರೆದ. ಪೂಜೆ ಮುಗಿಸಿ ಲಿಂಗವನ್ನು ಕರಡಿಗೆಗೆ ಇಡುತ್ತಿದ್ದ ಆಯಿ ಒಳಗಿನಿಂದಲೇ ಮಗನಿಗೆ ಅಂದಳು:

“ಶರಣಪ್ಪಾ, ಸುಮ್ಮನಾಗು.”

ಅವಳು ಎದ್ದು ಬಂದು, ಸೊಂಟದ ಕೀಲಿಗೊಂಚಲನ್ನು ತೆಗೆದು ಕಿಟಕಿಯಲ್ಲಿಟ್ಟು, ಸೆರಗು ಬಿಗಿದು ಅಡುಗೆಮನೆಗೆ ಹೋದಳು. ನಾನು ಹಿಂದೆ ಹೋದೆ. ಬತ್ತಿಯ ಸ್ಟೋವನ್ನು ಆಯಿ ಮುಟ್ಟಿದವಳೇ ಅಲ್ಲ. ಅದರ ಸುತ್ತ ನೋಡಿ, ಊದಲು ಎಲ್ಲಿ ಬಾಯಿದೆ ಎಂದು ಹುಡುಕಿದಳು. ಅಪ್ಪನಿಗೂ ಗೊತ್ತಿರಲಿಲ್ಲ. ಕೊನೆಗೆ ಕಾರು ಒರೆಸುತ್ತಿದ್ದ ನಂಜುಂಡಿಯನ್ನು ಕರೆದ. “ಬತ್ತಿ ಮೇಲೆತ್ಬೇಕು ಅಜ್ಜಿ, ಹೀಗೆ” ಎಂದು ಅವನು ಹೊತ್ತಿಸಿಕೊಟ್ಟು ಹೋದ. ಆ ಮಾತು ಮಾತ್ರ ಆಯಿಗೆ ತಿಳಿಯಿತು. ಅವಳು ಬೋಗುಣಿಯಲ್ಲಿ ನೀರಿಟ್ಟು, ಅಕ್ಕಿಯ ಮೊರವನ್ನು ನನ್ನ ಮುಂದೆ ತಳ್ಳಿದಳು. ನಾನು ಕಲ್ಲುಹಳ್ಳು ಆರಿಸುತ್ತ ಕೂತೆ. ಎರಡು ಹಳ್ಳು ಸಿಕ್ಕವು. ಮೂರನೆಯದು ಸಿಗುವ ಮೊದಲೇ ಅಳು ಬಂತು.

“ಆಯಿ, ನಾ ಮರತಿರಲಿಲ್ಲ. ಬೇಕಂತನ ಎಬ್ಬಸಲಿಲ್ಲ.”

“ಗೊತ್ತದ,” ಎಂದಳು ಆಯಿ. “ನಾ ಬಾಜೂಕೇ ಎಚ್ಚರ ಕೂತಿದ್ದೆ. ನಾನೂ ಎಬ್ಬಸಲಿಲ್ಲ.”

ನಾನು ತಲೆ ಎತ್ತಿದೆ. ಆಯಿ ನನ್ನನ್ನು ನೋಡುತ್ತಿರಲಿಲ್ಲ. ನೀರು ಕುದಿಯುವುದನ್ನು ನೋಡುತ್ತಿದ್ದಳು.

“ನಾ ಇದಕ್ಕಿಂತ ಮೊದಲ ಒಮ್ಮೆ ಹೈದರಾಬಾದಕ್ಕ ಹೋಗಿದ್ದೆ. ನಿಜಾಮನ ಕಾಲದಾಗ, ನಮ್ಮತ್ತಿಯ ತಮ್ಮನ ಮನಿಗೆ. ಹದಿನೆಂಟು ಮಂದಿ. ಎಲ್ಲಾರೂ ಟಾಂಗಾ ಕಟ್ಕೊಂಡು ಚಾರ್‌ಮಿನಾರ್ ನೋಡಾಕ ಹೋದ್ರು. ಬಂದ ಮ್ಯಾಲ ಹಸಿವಾಗ್ತದಂತ ನನ್ನೊಬ್ಬಾಕಿನ್ನ ರೊಟ್ಟಿ ಬಡೀಲಾಕ ಬಿಟ್ಟು ಹೋದ್ರು. ನಾಕು ದಿನ ಇದ್ದೆ. ಆ ಮನಿ ಒಲಿ ನೋಡಿದೆ, ಅಷ್ಟ.” ಅವಳು ಅಕ್ಕಿ ತೊಳೆದು ಬೋಗುಣಿಗೆ ಹಾಕಿದಳು. “ಇವತ್ತ ಅಕಿ ಮಕ್ಕೊಂಡಾಗ ನನಗ ಅನಿಸ್ತು: ನನಗ್ಯಾರು ತೋರಸಿದ್ರು, ಅಕಿ ನೋಡದಿದ್ರ ಏನಾತು. ಹಂಗ ಅನಕೋಬಾರದಿತ್ತು.”

ಅನ್ನ ಉಕ್ಕಿತು. ಆಯಿ ಬರಿಗೈಯಲ್ಲೇ ಮುಚ್ಚಳ ಎತ್ತಿದಳು.

“ಹೋಗು, ನಿಂದು ನೀ ಅಕಿಗಿ ಹೇಳು. ನಂದು ನಾ ಹೇಳ್ತೇನಿ.”

ಅವ್ವ ಎಚ್ಚರವಾಗಿಯೇ ಇದ್ದಳು. ನಾನು ಮಂಚದ ಪಕ್ಕ ನಿಂತು ಹೇಳಿದೆ. ಅವಳು ತಿರುಗಲಿಲ್ಲ. “ಏನೇನು ಕಾಣ್ತು?” ಎಂದಳು. ನಾನು ಅಳುತ್ತಲೇ ಹೇಳತೊಡಗಿದೆ: ಹೊಲಗಳು ಕೌದಿ ಹಾಸಿದ ಹಾಗೆ ಕಂಡವು, ಒಂದು ತುಂಡು ಕೆಂಪು, ಒಂದು ಕಪ್ಪು, ಒಂದೊಂದು ಹಸಿರು, ಒಂದು ಹೊಳೆ ಬಿಳಿ ದಾರದ ಹಾಗಿತ್ತು, ಮೋಡದ ಮೇಲೆ ನಮ್ಮ ವಿಮಾನದ್ದೇ ನೆರಳು ಸಣ್ಣದಾಗಿ ಓಡುತ್ತಿತ್ತು.

“ಸಾಕು,” ಎಂದಳು ಅವ್ವ. “ಇನ್ನ ಹೇಳಬ್ಯಾಡ. ಕೇಳಿದ್ರ ನೋಡಬೇಕನಸ್ತದ.”

ಆದರೂ ಅವಳ ಕೈ ಹಿಂದೆ ಬಂದು ನನ್ನ ಜಡೆ ಹಿಡಿಯಿತು, ಹಿಡಿದುಕೊಂಡೇ ಇತ್ತು. ಕ್ಷಮಿಸಿದಳೆಂದು ನಾನು ಇಂದಿಗೂ ಹೇಳಲಾರೆ. ಅವಳಿಗೆ ಆಗ ಮೂವತ್ತೆರಡು ವರ್ಷ. ನನ್ನ ಮಕ್ಕಳು ಅವಳ ಆಗಿನ ವಯಸ್ಸನ್ನು ದಾಟಿದ್ದಾರೆ. ದಣಿವೆಂದರೆ ಏನೆಂದು ನನಗೆ ಸ್ವಲ್ಪ ತಿಳಿದದ್ದು ನನ್ನ ಸ್ವಂತ ದಣಿವಿನಿಂದಲ್ಲ, ಆ ಕೈಯ ಭಾರದಿಂದ.

ಅನ್ನ ತಳ ಹತ್ತಿತ್ತು, ಬೇಳೆ ನೀರಾಗಿತ್ತು. ಆಯಿ ಮೊದಲ ತಾಟನ್ನು ಅವ್ವನ ಮುಂದಿಟ್ಟಳು. ಅಪ್ಪ ತನ್ನ ತಾಟು ಬರುವವರೆಗೆ ಕೈಕಟ್ಟಿ ಕೂತಿದ್ದ. ಅತ್ತೆ ಬಡಿಸಿ ತಾನು ಉಣ್ಣುವುದೆಂದರೆ ಹೇಗೆಂದು ತಿಳಿಯದೆ ಅವ್ವ ತುತ್ತು ಕಲಸಿ ಹಾಗೇ ಹಿಡಿದಿದ್ದಳು. ಆಯಿ ಅವಳ ಎದುರಿಗೇ ಕೂತು, ತಗ್ಗಿದ ದನಿಯಲ್ಲಿ ಏನೋ ಹೇಳಿದಳು. ನನಗೆ ಕೇಳಿಸಲಿಲ್ಲ, ಅವ್ವ ತಲೆಯಾಡಿಸಿದ್ದು ಮಾತ್ರ ಕಂಡಿತು. ಆಮೇಲೆ ಅವ್ವ ಉಂಡಳು. ನಾಲ್ಕು ತುತ್ತಾದ ಮೇಲೆ, “ಉಪ್ಪು ಜರಾ ಕಡಿಮಿ ಆಗ್ಯಾದ್ರಿ ಅತ್ತಿ” ಎಂದಳು. ಅಪ್ಪ ಗಾಬರಿಯಿಂದ ಆಯಿಯ ಮುಖ ನೋಡಿದ. ಆಯಿ ಉಪ್ಪಿನ ಬಟ್ಟಲನ್ನು ಮುಂದೆ ಸರಿಸಿ, “ಹಾಕ್ಕೋ” ಎಂದಳು. ಅವ್ವ ಹಾಕಿಕೊಂಡಳು, ಇನ್ನೊಮ್ಮೆ ಅನ್ನವನ್ನೂ ಕೇಳಿ ಹಾಕಿಸಿಕೊಂಡಳು.

ಇದರಿಂದ ನಮ್ಮ ಮನೆ ಬದಲಾಯಿತೆಂದು ಬರೆದರೆ ಸುಳ್ಳಾಗುತ್ತದೆ. ಊರಿಗೆ ಬಂದ ಮರುದಿನವೇ ಅವ್ವ ಒಲೆ ಹೊತ್ತಿಸಿದಳು, ಆಯಿ ಕಟ್ಟೆಯ ಮೇಲೆ ಬತ್ತಿ ಹೊಸೆದಳು, ಅಪ್ಪ ಪಡಸಾಲೆಯಿಂದ ಊಟಕ್ಕೆ ಎಷ್ಟು ಮಂದಿಯೆಂದು ಹೇಳಿದ. ಆದರೆ ಆ ಮೊದಲ ದಿನದ ಸಂಜೆ ಉಂಡೆದ್ದ ಮೇಲೆ ಅವ್ವ ತಾಟುಗಳನ್ನು ಒಂದರೊಳಗೊಂದು ಇಡತೊಡಗಿದಾಗ, ಹಿಂದಿನ ನಲ್ಲಿಯ ಹತ್ತಿರದಿಂದ ಆಯಿಯ ದನಿ ಬಂತು.

“ಶರಣಪ್ಪಾ, ತಾಟು ತಗೊಂಡು ಇಲ್ಲಿ ಬಾ.”

ಅಪ್ಪ ಒಮ್ಮೆ ಹೊರಗೆ ನೋಡಿದ. ಡ್ರೈವರ್ ಕಾರಿನ ಆ ಕಡೆ ಇದ್ದ. ಅಪ್ಪ ತಾಟುಗಳನ್ನು ಎತ್ತಿಕೊಂಡು ಹೋದ. ನಲ್ಲಿಯಲ್ಲಿ ನೀರು ಹನಿಹನಿಯಾಗಿ ಬರುತ್ತಿತ್ತು. ಆಯಿ ತಳ ಹತ್ತಿದ ಬೋಗುಣಿಯನ್ನು ಇಟ್ಟಿಗೆಪುಡಿಯಿಂದ ತಿಕ್ಕುತ್ತಿದ್ದಳು, ಅಪ್ಪ ಪಂಚೆ ಮೇಲೆ ಕಟ್ಟಿಕೊಂಡು ಬಕೀಟಿನಿಂದ ತಂಬಿಗೆಯಲ್ಲಿ ನೀರು ಹಾಕಿದ. ಮೊದಲ ಸಲ ಅವಳ ಕಾಲ ಮೇಲೆಯೇ ಸುರಿದ. ಅವ್ವ ಬಾಗಿಲಿಗೆ ಬಂದಳು.

“ಕೊಡ್ರಿ ಅತ್ತಿ, ನಾ ತೊಳೀತೇನಿ.”

“ತಳ ಹತ್ತಿಸಿದಾಕಿ ನಾನು, ತಿಕ್ಕಾಕಿನೂ ನಾನ. ನೀ ಹೋಗಿ ಅಡ್ಡಾಗು.”

ಅವ್ವ ಹೋಗಲಿಲ್ಲ. ಬಾಗಿಲ ಚೌಕಟ್ಟಿಗೆ ಬೆನ್ನು ಆನಿಸಿ, ಹೊಸ್ತಿಲ ಮೇಲೆಯೇ ಕೂತು ಕಾಲು ಚಾಚಿದಳು. ಹೊಸ್ತಿಲ ಮೇಲೆ ಕೂಡಬಾರದೆಂದು ಆಯಿ ಆ ಹೊತ್ತು ಹೇಳಲಿಲ್ಲ. ಅವ್ವ ಒಮ್ಮೆಯೂ ತೂಕಡಿಸದೆ, ಕೊನೆಯ ತಾಟು ತೊಳೆದು ಕವುಚಿಡುವವರೆಗೆ, ಅವರಿಬ್ಬರನ್ನೂ ನೋಡುತ್ತ ಕೂತಿದ್ದಳು.